ಹಲ್ಲಿಗೂ ಕಾರಿಗೂ ಒಂದೇ ನೀಲಿ ಗುರುತು

ಓದುವ ಎಲ್ಲ ಹಿರಿಯರಿಗೂ ಗೆಳೆಯರಿಗೂ ಶರಣು. ನಾನು ಶಾಲೆ ಮುಗಿಸಿದ್ದು ಬಹಳ ತಡವಾಗಿ. ಹತ್ತನೇ ತರಗತಿ ಪಾಸಾದಾಗ ನನ್ನ ಮಗಳು ಆಗಲೇ ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ಬಂದ ಕಡೆಯಲ್ಲೆಲ್ಲ ಬೆರಳು ತಡವರಿಸುತ್ತದೆ. ತಪ್ಪು ಕಂಡರೆ ಹೊಟ್ಟೆಯೊಳಗೆ ಹಾಕಿಕೊಳ್ಳಿ.

ಗಂಗಾವತಿಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದ ಕಾಕಾ ಮೊನ್ನೆ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಅಂಗಡಿಯ ಬೋರ್ಡಿನಲ್ಲೂ ಅವರು ಹೆಸರು ಹಾಕಿಸಿರಲಿಲ್ಲ. ಕೇಳಿದರೆ, "ಸೆಟ್ಟು ಸಡ್ಲ ಆದಾಂವ ಹೆಸರು ಹಿಡದು ಬೈತಾನಪಾ" ಎನ್ನುತ್ತಿದ್ದರು.

ಮಣ್ಣು ಮಾಡುವ ದಿನ ನಾನೂ ಹೋಗಿದ್ದೆ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮುನಿರಾಬಾದಿನಿಂದ ಬಂದ ಒಬ್ಬ ಹೆಣ್ಣುಮಗಳು ಕಾಕಾ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ವ್ಯಾನಿಟಿ ಬ್ಯಾಗಿನಿಂದ ಗೇಣುದ್ದದ ಒಂದು ಪ್ಲಾಸ್ಟಿಕ್ ಕಾರು ತೆಗೆದು ಅಂಗಡಿಯ ಗಾಜಿನ ಟೇಬಲ್ಲಿನ ಮೇಲೆ ಇಟ್ಟಳು. ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ನಾನು ಎದ್ದು ಹೋಗಿ ಕಾರಿನ ನಾಲ್ಕೂ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ಅಲುಗಾಡಲಿಲ್ಲ. ಆ ಹೆಣ್ಣುಮಗಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ, ಇಬ್ಬರಿಗೂ ನಗು ಬಂತು. ಸತ್ತವರ ಮನೆಯಲ್ಲಿ ನಗಬಾರದು. ಟವೆಲ್ಲು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ. ನೋಡಿದವರು ನಾನು ಅಳುತ್ತಿದ್ದೇನೆ ಎಂದುಕೊಂಡು ನೀರು ತಂದುಕೊಟ್ಟರು. ಯಾಕೆ ನಕ್ಕೆ ಎಂದು ಅವತ್ತು ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

೧೯೯೭ರಲ್ಲಿ ನಾನು ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸ್ಟೇಷನರಿ ಅಂಗಡಿ ಹಾಕಿದೆ. ಕಾಕಾ ಪಕ್ಕದ ಬಾಗಿಲು. ಆಗ ನಮ್ಮ ಕಡೆ ಹಲ್ಲಿನ ಡಾಕ್ಟರು ಕಡಿಮೆ. ಇದ್ದವರು ಬಾಯಿಯ ಅಳತೆ ತೆಗೆದು ಕಾಕಾ ಹತ್ತಿರ ಕಳಿಸುತ್ತಿದ್ದರು. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಯವರು ನೇರವಾಗಿ ಬಂದು ಬಾಯಿ ತೆರೆದು ಕೂಡುತ್ತಿದ್ದರು. ಅಂಗಡಿಯ ಗಾಜಿನ ಕಪಾಟಿನಲ್ಲಿ ಮೇಲಿನ ಹಲಗೆಗೆ ಹಲ್ಲಿನ ಸೆಟ್ಟುಗಳು, ಕೆಳಗಿನ ಹಲಗೆಗೆ ಸಣ್ಣ ಸಣ್ಣ ಕಾರುಗಳು. ಮೇಲೆ ನಗು, ಕೆಳಗೆ ಗಾಡಿ. ಒಮ್ಮೆ ಹಳ್ಳಿಯ ಅಜ್ಜಿಯೊಬ್ಬಳು ಅದನ್ನು ಬಹಳ ಹೊತ್ತು ನೋಡಿ, "ಯಪ್ಪಾ, ಸೆಟ್ಟು ಹಾಕಿಸ್ಕೊಂಡ್ರ ಇದು ಪುಗಸಟ್ಟೆ ಕೊಡ್ತೀಯೇನು?" ಎಂದು ಕೇಳಿದಳು.

ಕಾಕಾ ಮುಖ ಗಂಭೀರ ಮಾಡಿಕೊಂಡು, "ಇಲ್ಲವ್ವಾ. ಕಾರು ತಗೊಂಡಾವ್ರಿಗೆ ಹಲ್ಲು ಪುಗಸಟ್ಟೆ" ಎಂದರು.

ಆ ಕಾರುಗಳು ಅಂಗಡಿಯಲ್ಲಿ ಸಿಗುವ ಆಟಿಕೆಗಳಲ್ಲ. ಪರದೇಶದವರು ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಿದ್ದ ಬಿಡಿ ಭಾಗಗಳು. ಬಾಗಿಲು, ಬಂಪರು, ಸೀಟು, ಎಂಜಿನ್ನು ಎಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಹುಣಸೆಕಾಯಿಯ ಹಾಗೆ ಜೋತು ಬಿದ್ದಿರುತ್ತವೆ. ಒಂದೊಂದೇ ಕತ್ತರಿಸಿ, ತಿಕ್ಕಿ, ಅಂಟಿಸಿ ಕಾರು ಮಾಡಬೇಕು. ಆನೆಗೊಂದಿ ಕಡೆ ತಿಂಗಳುಗಟ್ಟಲೆ ಉಳಿದಿದ್ದ ಒಬ್ಬ ಪರದೇಶಿ ಹಲ್ಲು ಮುರಿದುಕೊಂಡು ಕಾಕಾ ಹತ್ತಿರ ಬಂದಿದ್ದನಂತೆ. ಊರಿಗೆ ಹೋಗುವಾಗ ತನ್ನ ಬಳಿ ಇದ್ದ ಅಂಥ ಒಂದು ಪೆಟ್ಟಿಗೆ ಬಿಟ್ಟು ಹೋದ. ಕಾಕಾಗೆ ಹುಚ್ಚು ಹತ್ತಿದ್ದು ಅಲ್ಲಿಂದ. ಆಮೇಲೆ ಹೊಸಪೇಟೆಯ ಗುಜರಿಯವರು, ಮುಂಬೈಯಲ್ಲಿದ್ದ ನೆಂಟರು, ಯಾರು ಯಾರೋ ಹಳೆಯ ಪೆಟ್ಟಿಗೆ ತಂದುಕೊಡತೊಡಗಿದರು. ಎಲ್ಲವೂ ಹಳೆಯವೇ. ಗಾಜು ಹಳದಿ, ಮೈ ಸೊಟ್ಟ, ಒಂದು ಬಾಗಿಲು ಇಲ್ಲವೇ ಇಲ್ಲ.

ಪೆಟ್ಟಿಗೆಯಲ್ಲಿ ಇಂಗ್ಲಿಷ್ ಚೀಟಿ ಇರುತ್ತಿತ್ತು. ನಾನು ಆಗ ಪರೀಕ್ಷೆಗೆ ಓದುತ್ತಿದ್ದೆ. "ಓದ್ರಿ ಪಂಡಿತ್ರ" ಎಂದು ಕಾಕಾ ಚೀಟಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಅವರು ಕೇಳಿ ತಲೆ ಆಡಿಸಿ, "ಚೀಟಿ ಒಳಗ ಎಲ್ಲಾ ಕೂಡತಾವು. ಪೆಟಿಗಿ ಒಳಗ ಒಂದೂ ಕೂಡಂಗಿಲ್ಲ. ಮುಂದ ಓದ್ರಿ" ಎನ್ನುತ್ತಿದ್ದರು. ರೇಡಿಯೇಟರ್, ಬಂಪರ್, ಮಡ್‌ಗಾರ್ಡ್ ಎಲ್ಲ ನನಗೆ ಬಾಯಿಪಾಠ. ಪರೀಕ್ಷೆಯಲ್ಲಿ ಅವು ಬರಲಿಲ್ಲ. ಬಂದಿದ್ದರೆ ನಾನು ಮೊದಲ ಸಲವೇ ಪಾಸಾಗುತ್ತಿದ್ದೆ.

ಕಾರಿಗೆ ಅಂತ ಬೇರೆ ಸಾಮಾನು ಅವರು ಇಟ್ಟಿರಲಿಲ್ಲ. ಹಲ್ಲು ತಿಕ್ಕುವ ಅರವೇ ಬಾಗಿಲು ತಿಕ್ಕುವ ಅರ. ಕೃತಕ ಒಸಡು ಮಾಡುವ ಗುಲಾಬಿ ಪುಡಿಯನ್ನೇ ಅದರ ಘಾಟು ನೀರಿನಲ್ಲಿ ಕಲೆಸಿ ಕಾರಿನ ಬಿರುಕಿಗೆ ತುಂಬುತ್ತಿದ್ದರು. ಬಣ್ಣ ಹೊಡೆಯುವ ಮೊದಲು ನೋಡಿದರೆ ಕಾರಿಗೆ ಒಸಡು ಬಂದ ಹಾಗೆ ಕಾಣುತ್ತಿತ್ತು. ಕಾರಿನ ಮೇಲಿನ ಮೈಗೆ ಅವರು ಮೇಲಿನ ದವಡೆ ಎನ್ನುತ್ತಿದ್ದರು, ಕೆಳಗಿನ ತಳಕ್ಕೆ ಕೆಳಗಿನ ದವಡೆ. ಎರಡೂ ಕೂಡದಿದ್ದರೆ, "ಕಚ್ಚುವಲ್ದು" ಎನ್ನುತ್ತಿದ್ದರು.

ಅವರ ವಿದ್ಯೆಯೆಲ್ಲ ನೀಲಿ ಕಾಗದದಲ್ಲಿತ್ತು. ಹೊಸ ಸೆಟ್ಟು ಬಾಯಿಗೆ ಹಾಕಿದಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೆಳ್ಳಗಿನ ನೀಲಿ ಕಾಗದ ಇಟ್ಟು ಕಚ್ಚಿಸುತ್ತಾರೆ. ಎಲ್ಲಿ ಜಾಸ್ತಿ ತಾಗುತ್ತದೋ ಅಲ್ಲಿ ನೀಲಿ ಗುರುತು ಬೀಳುತ್ತದೆ. ಅಷ್ಟನ್ನೇ ತಿಕ್ಕಬೇಕು. ಎಲ್ಲ ಹಲ್ಲಿಗೂ ಸಮನಾಗಿ ನೀಲಿ ಬಿತ್ತೆಂದರೆ ಸೆಟ್ಟು ಕುಂತಂತೆ. ಕಾಕಾ ಕಾರಿಗೂ ಇದನ್ನೇ ಮಾಡುತ್ತಿದ್ದರು. ಆದರೆ ಹಲ್ಲಿನ ಕಾಗದ ಕಾರಿಗೆ ಬಳಸುತ್ತಿರಲಿಲ್ಲ. ಅದಕ್ಕೆ ನನ್ನ ಅಂಗಡಿಯ ನೀಲಿ ಟೈಪಿಂಗ್ ಕಾರ್ಬನ್. "ಅದು ಬಾಯಾಗ ಹೋಗೂದಲ್ಲ, ನಿನ್ನ ಮಾಲು ನಡಿತೈತಿ" ಎನ್ನುತ್ತಿದ್ದರು.

ಅವರನ್ನು ಕೆಣಕಿದವರು ಪಾರಾಗುತ್ತಿರಲಿಲ್ಲ. ಒಬ್ಬ ಬ್ಯಾಂಕಿನ ಸಾಹೇಬರು ಬಂದು ಕುರ್ಚಿಯಲ್ಲಿ ಕೂತು, "ಕಾಕಾ, ಈ ವಯಸ್ಸಿನ್ಯಾಗ ಹುಡುಗ್ರಂಗ ಕಾರ್ ಆಟ ಆಡೂದು ಛಂದ ಕಾಣ್ಸೂದಿಲ್ರಿ" ಎಂದರು.

"ಬಾಯಿ ತಗೀರಿ ಸಾಹೇಬ್ರ, ಅಳತಿ ತಗೋತೀನಿ" ಎಂದರು ಕಾಕಾ. ಅಳತೆಯ ಹಿಟ್ಟನ್ನು ತಟ್ಟೆ ತುಂಬ ಮೆತ್ತಿ ಬಾಯಿಗೆ ತುರುಕಿದರು. "ಇದು ಗಟ್ಟಿ ಆಗೂಮಟ ಅಲುಗ್ಯಾಡಬ್ಯಾಡ್ರಿ. ಅಲ್ಲೀಮಟ ಎರಡ ಮಾತು ಹೇಳ್ತೀನಿ." ಆಮೇಲೆ ಕಾರು ಎಂದರೇನು, ಅದರ ಬಾನೆಟ್ಟು ಯಾಕೆ ಏಳುತ್ತದೆ, ಪ್ಲಾಸ್ಟಿಕ್ಕು ಬಿಸಿನೀರಿಗೆ ಹೇಗೆ ಬಗ್ಗುತ್ತದೆ, ಎಲ್ಲ ಹೇಳಿದರು. ಹಿಟ್ಟು ಯಾವಾಗಲೋ ಗಟ್ಟಿಯಾಗಿತ್ತು. ಸಾಹೇಬರು "ಊಂ ಊಂ" ಎಂದು ಕೈ ಬೀಸುತ್ತಿದ್ದರು.

"ಹೌದಲ್ರಿ? ನೀವೂ ಒಪ್ಪಿದ್ರಿ ನೋಡ್ರಿ" ಎಂದು ಕಾಕಾ ತಟ್ಟೆ ತೆಗೆದರು.

ಇನ್ನು ಆ ಹೆಣ್ಣುಮಗಳ ಕಾರಿನ ಸುದ್ದಿಗೆ ಬರುತ್ತೇನೆ. ಅವಳ ಅಪ್ಪ ಮುನಿರಾಬಾದ್ ಕಾಲೊನಿಯಲ್ಲಿ ಸಾಹೇಬರ ಗಾಡಿ ಓಡಿಸಿ ನಿವೃತ್ತಿಯಾದ ಡ್ರೈವರ್. ನಾವೆಲ್ಲ ಡ್ರೈವರ್ ಅಜ್ಜ ಎನ್ನುತ್ತಿದ್ದೆವು. ಬಾಯಲ್ಲಿ ಒಂದೂ ಹಲ್ಲಿಲ್ಲ. ಹಿಂದೆ ಎಲ್ಲೋ ಸೆಟ್ಟು ಮಾಡಿಸಿದ್ದ. ಯಲಬುರ್ಗಾದಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಯಾರೋ ಚೇಷ್ಟೆ ಮಾಡಿದರು, ಅಜ್ಜ ಜೋರಾಗಿ ನಕ್ಕ, ಸೆಟ್ಟು ಹಾರಿ ಎದುರು ಕೂತ ಬೀಗರ ಎಲೆಯ ಹುಗ್ಗಿಯಲ್ಲಿ ಬಿತ್ತು. ಬೀಗರು ಎದ್ದು ಹೋದರು. ಅವತ್ತೇ ಅಜ್ಜ ಆಣೆ ಮಾಡಿದ, ಇನ್ನು ಕಟ್ಟಿಸಿದ ಹಲ್ಲು ಬಾಯಿಗೆ ಮುಟ್ಟಿಸುವುದಿಲ್ಲ ಎಂದು. ಹುಟ್ಟಿದಾಗಿನಿಂದ ಖಡಕ್ ರೊಟ್ಟಿ ತಿಂದ ಮನುಷ್ಯ, ಬರೀ ಅಂಬಲಿ ಕುಡಿದುಕೊಂಡು ಉಳಿದ. ದಿನಾ ದಿನಾ ಸೊರಗಿದ. ಡಾಕ್ಟರು ತಿನ್ನದಿದ್ದರೆ ಉಳಿಯುವುದಿಲ್ಲ ಎಂದು ಮಗಳಿಗೆ ಹೇಳಿಬಿಟ್ಟಿದ್ದರು.

ಮಗಳು ಜಾಣೆ. ಹಲ್ಲಿನ ಅಂಗಡಿಗೆ ಎಂದರೆ ಅಪ್ಪ ಬಸ್ಸನ್ನೇ ಹತ್ತುವುದಿಲ್ಲ ಎಂದು ಗೊತ್ತಿತ್ತು. "ಗಂಗಾವತ್ಯಾಗ ಸಣ್ಣ ಕಾರಿನ ಅಂಗಡಿ ಐತಿ, ನೋಡ್ಕೊಂಡು ಬರೂಣು" ಎಂದು ಕರೆದುಕೊಂಡು ಬಂದಳು. ಅಜ್ಜ ಬಾಗಿಲಿಗೆ ಬಂದು ಮೇಲಿನ ಹಲಗೆ ನೋಡಿದ. ತಿರುಗಿ ನಿಂತ. ಅಷ್ಟರಲ್ಲಿ ಕೆಳಗಿನ ಹಲಗೆ ಕಣ್ಣಿಗೆ ಬಿತ್ತು. ಮತ್ತೆ ತಿರುಗಿದ.

"ಬರ್ರಿ ಒಳಗ. ಹಲ್ಲಿನ ಮಾತು ತಗಿಯೂದಿಲ್ಲ" ಎಂದರು ಕಾಕಾ.

ಅಜ್ಜ ಬಂದು ಒಂದು ಕೆಂಪು ಕಾರು ಎತ್ತಿ ಗಾಜಿನ ಮೇಲಿಟ್ಟು ಮೂಲೆ ಒತ್ತಿದ. ಟಕ ಟಕ ಅಲುಗಾಡಿತು. "ಈ ಗಾಡಿ ಹಾಕ್ಕೊಂಡು ಕೊಪ್ಪಳಕ್ಕ ಹೋದ್ರ ಗಿಣಿಗೇರಿ ಮುಟ್ಟೂದ್ರಾಗ ನಾಕೂ ಗಾಲಿ ನಾಕೂ ದಿಕ್ಕಿಗೆ ಹೋಗಿರ್ತಾವು. ನಿನ್ನ ಕಾರ ಹಿಂಗ ಇದ್ರ ಹಲ್ಲು ಹೆಂಗ ಇರಬೇಕೋ ಮಾರಾಯ?"

ಕಾಕಾ ಮುಖ ನೋಡಬೇಕಿತ್ತು. ಅಂಥ ಮಾತು ಅವರಿಗೆ ಯಾರೂ ಅಂದಿರಲಿಲ್ಲ. ಮರುವಾರ ಅಜ್ಜ ತಾನೇ ಒಂದು ಹಳೆಯ ಪೆಟ್ಟಿಗೆ ತಂದ. ಎಂದೋ ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ ಕೊಟ್ಟಿದ್ದಂತೆ. ಅವರಿಗಾಗಿ ಅಜ್ಜ ಓಡಿಸುತ್ತಿದ್ದಂಥದ್ದೇ ಉದ್ದ ಮೂತಿಯ ಕಾರು. ಟ್ರಂಕಿನಲ್ಲಿ ಇಟ್ಟಿದ್ದು ಇಟ್ಟ ಹಾಗೇ ಇತ್ತು.

"ಇದನ್ನ ಜರಾನೂ ಅಲುಗ್ಯಾಡದಂಗ ಕೂಡ್ಸು. ಗಾಜಿನ ಮ್ಯಾಲ ಇಟ್ಟು ನಾಕೂ ಮೂಲಿ ಒತ್ತಿ ನೋಡ್ತೀನಿ. ಅವತ್ತು ನಿನ್ನ ಹಲ್ಲು ಹಾಕ್ಕೋತೀನಿ. ಅಲ್ಲೀಮಟ ಅಂಬ್ಲಿ."

"ಅಂಟು ಹಾಕಂಗಿಲ್ಲ, ಸುಮ್ನ ಇಟ್ರ ಕುಂದ್ರಬೇಕು. ಹೌದಲ್ರಿ?" ಎಂದರು ಕಾಕಾ.

"ಹೌದು."

"ಆದ್ರ ಅಳತಿ ಈಗ ಕೊಡಬೇಕು. ಕಾರೂ ಸೆಟ್ಟೂ ಜೋಡಿಲೇ ಮಾಡ್ತೀನಿ."

ಅಜ್ಜ ಸ್ವಲ್ಪ ಯೋಚಿಸಿ ಬಾಯಿ ತೆರೆದ. ಬಾಗಿಲಲ್ಲಿ ನಿಂತ ಮಗಳು ಹುಲಿಗೆಮ್ಮ ದೇವಿಗೆ ಅಲ್ಲಿಂದಲೇ ಕೈ ಮುಗಿದಳು.

ಪೆಟ್ಟಿಗೆ ತೆಗೆದರೆ ಒಳಗೆ ಅನಾಹುತ. ರಬ್ಬರಿನಂಥ ಗಾಲಿಗಳು ವರ್ಷಾನುಗಟ್ಟಲೆ ಬಾನೆಟ್ಟಿಗೆ ತಾಗಿ ಮಲಗಿ ಅದನ್ನು ಕರಗಿಸಿ ಗುಂಡನೆಯ ಕುಳಿ ಮಾಡಿದ್ದವು. ಮೈ ಬಾಳೆಹಣ್ಣಿನ ಹಾಗೆ ಬಗ್ಗಿತ್ತು. ತಳ ಹಿಂದುಗಡೆ ಸೀಳಿತ್ತು. ಕಾಕಾ ಮೈಯನ್ನು ಸುಣ್ಣದ ಅಚ್ಚಿಗೆ ಬಟ್ಟೆಯಿಂದ ಬಿಗಿದು ಕಟ್ಟಿ ಬಿಸಿನೀರಿಗೆ ಹಿಡಿದು ನೆಟ್ಟಗೆ ಮಾಡಿದರು. ಕುಳಿಗೆ, ಸೀಳಿಗೆ ಗುಲಾಬಿ ತುಂಬಿದರು. ಎಲ್ಲ ಮಾಡಿ ಮೈಯನ್ನು ತಳದ ಮೇಲೆ ಇಟ್ಟು ಗಾಜಿನ ಮೇಲೆ ಒತ್ತಿದರು. ಟಕ ಟಕ.

ಕಾರ್ಬನ್ ಇಟ್ಟರು. ಗುರುತು ಮುಂದೆ ಬಿತ್ತು. ಮುಂದೆ ತಿಕ್ಕಿದರು. ಮತ್ತೆ ಇಟ್ಟರು. ಮತ್ತೆ ಮುಂದೆಯೇ. ವಾರ ವಾರ ಇದೇ ಆಯಿತು. ಮುಂದಿನ ಅಂಚು ತಿಕ್ಕಿ ತಿಕ್ಕಿ ಹಪ್ಪಳವಾಯಿತು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು. ಇನ್ನೊಮ್ಮೆ ಅರ ತಾಗಿಸಿದರೆ ಮೂತಿಯೇ ಹೋಗುತ್ತದೆ. ಅಂಥ ಇನ್ನೊಂದು ಪೆಟ್ಟಿಗೆ ಎಲ್ಲಿ ಸಿಗಬೇಕು?

ಅಜ್ಜ ಬಂದಾಗಲೆಲ್ಲ ಕುರ್ಚಿಯಲ್ಲಿ ಕೂತು, "ಏನಪಾ ಮಿಸ್ತ್ರಿ, ಗಾಡಿ ಸ್ಟಾರ್ಟ್ ಆತೇನು?" ಎಂದು ಕೆಣಕುತ್ತಿದ್ದ. ಆದರೆ ಹಾಗೆ ಕೆಣಕುವ ದನಿಯೇ ಸಣ್ಣದಾಗುತ್ತ ಬಂತು. ಬಸ್ಸಿಳಿದು ಓಣಿ ದಾಟುವುದರೊಳಗೆ ಎರಡು ಕಡೆ ಕೂಡುತ್ತಿದ್ದ. ಒಂದು ದಿನ ಮಗಳು ನನ್ನ ಅಂಗಡಿಗೆ ಬಂದು ಮೆಲ್ಲಗೆ, "ಅಣ್ಣಾ, ಅಪ್ಪನ ಅಂಗಿ ಈಗ ಗೂಟಕ್ಕ ಹಾಕಿದಂಗ ಕಾಣ್ತೈತ್ರಿ. ಕಾರು ಹೆಂಗರ ಮಾಡಿ ಕೂಡಂಗ ಮಾಡ್ರಿ" ಎಂದಳು.

ನಾನು ಕಾಕಾಗೆ ಹೇಳಿದೆ: "ಮೈಗೂ ತಳಕ್ಕೂ ನಡುವ ಜರಾ ಅಂಟು ಹಚ್ರಿ. ಅಜ್ಜಗ ಏನ್ ಗೊತ್ತಾಗತೈತಿ? ಜೀವದ ಪ್ರಶ್ನೆ ಐತಿ."

ಕಾಕಾ ಕೈಯಲ್ಲಿದ್ದ ಅರ ಕೆಳಗಿಟ್ಟರು. "ನಾನೂ ನಿನ್ನೆ ಅಂಟು ಕೈಯಾಗ ಹಿಡಕೊಂಡು ಕುಂತಿದ್ದೆ. ಅಂವಾ ಡ್ರೈವರ್ ಅದಾನ. ಒತ್ತಿದ ಕೂಡ್ಲೇ ತಿಳಿತೈತಿ. ಸಿಕ್ಕಿಬಿದ್ವಿ ಅಂದ್ರ ಮುಗೀತು, ಮತ್ತ ಎಂದೂ ಹಲ್ಲು ಹಾಕ್ಕೊಳಾಂಗಿಲ್ಲ." ಮೊದಲ ಸಲ ಅವರ ಮುಖದಲ್ಲಿ ಚೇಷ್ಟೆ ಇರಲಿಲ್ಲ.

ಮುಂದಿನ ಸಲ ಅಜ್ಜ ಬಂದದ್ದು ಹಲ್ಲಿನ ಪರೀಕ್ಷೆಗೆ. ಸೆಟ್ಟು ಇನ್ನೂ ಪೂರ್ತಿ ಆಗಿರಲಿಲ್ಲ. ಮೇಣದಲ್ಲಿ ಹಲ್ಲು ನಿಲ್ಲಿಸಿ ಬಾಯಿಗೆ ಇಟ್ಟು ನೋಡುವುದು ರೂಢಿ. ಇದು ಪರೀಕ್ಷೆ, ಹಾಕಿಕೊಂಡ ಲೆಕ್ಕವಲ್ಲ ಎಂದು ಅಜ್ಜ ಕಾಕಾ ಬಾಯಿಂದಲೇ ಎಲ್ಲರ ಮುಂದೆ ಹೇಳಿಸಿಕೊಂಡ. ಕಾಕಾ ನೀಲಿ ಕಾಗದ ಇಟ್ಟು, "ಕಚ್ರಿ" ಎಂದರು. ಗುರುತು ಮುಂದಿನ ಹಲ್ಲಿಗೆ ಬಿತ್ತು. ಇನ್ನೊಮ್ಮೆ. ಮತ್ತೆ ಮುಂದೆಯೇ.

"ಇದರವ್ನ, ಇಲ್ಲೂ ಮುಂದ!" ಎಂದು ನಾನು ಅಂದೆ.

ಕಾಕಾ ನಕ್ಕರು. "ಇದು ಖರೇ ಗುರುತಲ್ಲೋ. ಹಲ್ಲಿಲ್ದಾವ್ರು ಒಸಡಿಲೇ ಅಗದು ಅಗದು ಗದ್ದ ಮುಂದ ತಳ್ಳೂದು ರೂಢಿ ಮಾಡ್ಕೊಂಡಿರ್ತಾರ. ಅಜ್ಜಾರ, ನಾಲಿಗಿ ತುದಿ ಹಿಂದಕ್ಕ ಅಂಗುಳಕ್ಕ ಹಚ್ರಿ. ಹಾಂ. ಈಗ ಉಗುಳು ನುಂಗ್ರಿ. ನುಂಗಿಕೋತ ಕಚ್ರಿ."

ಅಜ್ಜ ನುಂಗಿದ. ಗದ್ದ ತಾನೇ ಹಿಂದೆ ಸರಿಯಿತು. ಕಾಗದ ತೆಗೆದರೆ ಗುರುತು ಹಿಂದಿನ ದವಡೆಹಲ್ಲಿಗೆ ಬಿದ್ದಿತ್ತು. ಕಾಕಾ ಆ ಗುರುತು ನೋಡಿದರು. ಆಮೇಲೆ ತಮ್ಮ ಹೆಬ್ಬೆರಳು ನೋಡಿದರು. ಮತ್ತೆ ಗುರುತು ನೋಡಿದರು.

"ಏ ಪಂಡಿತ! ನಾನು ಕಾರಿನ ಮೈ ಹೆಂಗ ಒತ್ತತೀನಲೇ?"

"ಹೆಬ್ಬಟ್ಟಿಲೇ. ಬಾನೆಟ್ಟಿನ ಮ್ಯಾಲ."

"ಸೆಟ್ಟು ಒತ್ತಿದಂಗ!" ಅವರು ತಮ್ಮ ಹಣೆಗೆ ತಾವೇ ಹೊಡೆದುಕೊಂಡರು. "ಜನ್ಮಾ ಎಲ್ಲಾ ಮುಂದಿನ ಹಲ್ಲಿಗೆ ಹೆಬ್ಬಟ್ಟು ಕೊಟ್ಟು ಒತ್ತಿ ರೂಢಿ ಆಗೇತಿ. ನಾ ಮುಂದ ಒತ್ತಿದ್ರ ಗುರುತು ಮುಂದಲ್ದ ಎಲ್ಲಿ ಬೀಳಬೇಕು? ಈ ಕಾರೂ ಗದ್ದ ಮುಂದ ತಳ್ಳಿ ಸುಳ್ಳ ಕಚ್ಚಾಕತ್ತಿತ್ತಲೇ!"

ಅಜ್ಜ ಬಾಯಲ್ಲಿ ಮೇಣದ ಹಲ್ಲು ಇಟ್ಟುಕೊಂಡೇ ಕುರ್ಚಿಯಿಂದ ಕತ್ತು ಚಾಚಿದ. ಕಾಕಾ ತಳದ ಮೇಲೆ ಕಾರ್ಬನ್ ಹಾಸಿ, ಮೈಯನ್ನು ಎರಡು ಬೆರಳಲ್ಲಿ ಎತ್ತಿ, ಒತ್ತದೆ ಸುಮ್ಮನೆ ಮೇಲೆ ಬಿಟ್ಟರು. "ಉಗುಳು ನುಂಗವಾ ತಾಯಿ" ಎಂದು ಕಾರಿಗೆ ಹೇಳಿ ಟೇಬಲ್ಲಿಗೆ ಮೆಲ್ಲಗೆ ತಟ್ಟಿದರು. ಎತ್ತಿ ನೋಡಿದರೆ ಮುಂದೆ ಒಂದು ಚುಕ್ಕೆಯೂ ಇಲ್ಲ. ಹಿಂದಿನ ಸೀಟಿನ ಬುಡಕ್ಕೆ ಕಡಲೆಕಾಳಿನಷ್ಟು ನೀಲಿ. ಅದರ ಕೆಳಗೆ ಏನಿತ್ತೆಂದರೆ, ತಳದ ಸೀಳಿಗೆ ಕಾಕಾ ತಾವೇ ತುಂಬಿದ್ದ ಗುಲಾಬಿ ಒಸಡು! ಉಬ್ಬಿ ನಿಂತಿತ್ತು. ತಾವು ಹಾಕಿದ ತೇಪೆಯೇ ಕಾರನ್ನು ಎತ್ತಿ ಹಿಡಿದಿತ್ತು.

ಅರ ಎತ್ತಿ ಒಂದಿಷ್ಟು ತಿಕ್ಕಿದರು. ಮೈ ಇಟ್ಟರು. ಟಕ್ ಎಂದು ಒಂದೇ ಸಪ್ಪಳ. ಕೂತಿತು.

ಅಜ್ಜ ಎದ್ದು ಬಂದ. ಮೂಲೆ ಒತ್ತಿದ. ಇನ್ನೊಂದು ಮೂಲೆ. ನಾಲ್ಕೂ ಆಯಿತು. ಸುತ್ತ ಹೋಗಿ ಮತ್ತೆ ಒತ್ತಿದ. ಬಗ್ಗಿ ಗಾಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದ. ತಪ್ಪು ಹುಡುಕುತ್ತಿದ್ದ, ಸಿಗಲಿಲ್ಲ. ಮೇಣದ ಹಲ್ಲು ಕೈಗೆ ತೆಗೆದುಕೊಂಡು, "ಗೇರಿನ ಗುಂಡು ಎಲ್ಲೈತಿ? ಗೇರ್ ಇಲ್ದ ಗಾಡಿ ಒಪ್ಪಂಗಿಲ್ಲ" ಎಂದ.

ಕಾಕಾ ಇದಕ್ಕೇ ಕಾಯುತ್ತಿದ್ದವರ ಹಾಗೆ ಮೈ ಎತ್ತಿ ಒಳಗೆ ತೋರಿಸಿದರು. ಗೇರಿನ ಕಡ್ಡಿಯ ತುದಿಗೆ ಬೆಳ್ಳನೆಯ ಒಂದು ಸಣ್ಣ ಹಲ್ಲು ಕೂತಿತ್ತು. "ನಿಮ್ಮ ಸೆಟ್ಟಿನ ಜೋಡಿದ್ದ ಹಲ್ಲು. ಕಾರಿಗೆ ಬಂದೈತಿ. ಇನ್ನ ನಿಮ್ಮ ಪಾಳಿ."

ಅಜ್ಜ ಬೊಚ್ಚು ಬಾಯಿ ಪೂರ್ತಿ ತೆರೆದು ನಕ್ಕ. ಹಾರಿ ಬೀಳಲು ಏನೂ ಇರಲಿಲ್ಲ.

ಸೆಟ್ಟು ತಯಾರಾದ ದಿನ ಮಗಳು ಬಟ್ಟೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಓಣಿಯ ಅರ್ಧ ಮಂದಿ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ಕಾಕಾ ಸೆಟ್ಟು ಕೂಡಿಸಿದರು. ನೀಲಿ ಕಾಗದ ಇಟ್ಟರು, ಕಚ್ಚಿಸಿದರು, ತೆಗೆದರು, ಸ್ವಲ್ಪ ತಿಕ್ಕಿದರು. ಮತ್ತೆ ಇಟ್ಟರು. ಅಜ್ಜನ ಹಲ್ಲೆಲ್ಲ ನೀಲಿ ನೀಲಿ. ಕೊನೆಗೆ ಎಲ್ಲಾದರೂ ಎತ್ತರ ಉಳಿದಿದೆಯೇ ಎಂದು ಕಾಕಾ ತೋರುಬೆರಳು ಒಳಗೆ ಹಾಕಿ ಸವರಿದರು.

ಅಜ್ಜ ಕಚ್ಚಿದ.

ತಮಾಷೆಗೆ ಕಚ್ಚಿದ್ದಲ್ಲ. ತಿಂಗಳುಗಟ್ಟಲೆ ಕುಡಿದ ಅಂಬಲಿಯ ಸಿಟ್ಟೆಲ್ಲ ಸೇರಿಸಿ ಕಚ್ಚಿದ. ಕಾಕಾ "ಯವ್ವೋ!" ಎಂದು ಕೂಗಿದ್ದು ಬಸ್ ನಿಲ್ದಾಣಕ್ಕೆ ಕೇಳಿಸಿರಬೇಕು. ಮಗಳು "ಅಪ್ಪಾ, ಬಿಡೋ!" ಎಂದು ಓಡಿ ಬಂದಳು. ಅಜ್ಜ ಬಿಟ್ಟ. ಕಾಕಾ ಕೈ ಝಾಡಿಸುತ್ತ ಬೆರಳು ಬೆಳಕಿಗೆ ಹಿಡಿದರು. ಕೂಗು ಅಲ್ಲಿಗೇ ನಿಂತಿತು. ಬೆರಳಿನ ಮೇಲೆ ನೀಲಿ ಹಲ್ಲಿನ ಗುರುತು, ಒಂದರ ಪಕ್ಕ ಒಂದು, ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ.

"ಕುಂತೈತಲೇ!" ಎಂದು ಕಾಕಾ ಕುಣಿದರು. "ನೋಡ್ರಿ, ಎಲ್ಲಾ ಬರೋಬ್ಬರಿ ತಾಗ್ಯಾವು!"

ಹಿಂದೆ ಅಜ್ಜ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಿದ್ದ. ಕರುಂ ಕರುಂ ಸಪ್ಪಳ ಬರುತ್ತಿತ್ತು. ಮಗಳು ಗೋಡೆಗೆ ಒರಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು. ಅಜ್ಜ ಅವಳ ಕಡೆ ತಿರುಗಿ, "ಇನ್ನೊಂದ ಕೊಡವಾ" ಎಂದ.

ಕಾಕಾ ಆ ಬೆರಳು ಎತ್ತಿ ಹಿಡಿದುಕೊಂಡೇ ಓಣಿಯ ಅಂಗಡಿ ಅಂಗಡಿಗೆ ಹೋಗಿ ತೋರಿಸಿ ಬಂದರು. ಚಹಾದ ಅಂಗಡಿಯಲ್ಲಿ ಕಪ್ಪನ್ನು ಎಡಗೈಯಲ್ಲಿ ಹಿಡಿದರು. ಸಂಜೆ ಊಟಕ್ಕೆ ಕೂತಾಗ ಕಾಕಿ ನೀರು ಕೊಟ್ಟರೆ ಆ ಕೈ ತೊಳೆಯಲಿಲ್ಲವಂತೆ, ಚಮಚ ಕೇಳಿದರಂತೆ.

ನಿಮ್ಮ ಊರಿನಲ್ಲೂ ಒಂದಕ್ಕೊಂದು ಕೂಡದ್ದನ್ನು ಹಿಡಿದು ಹಟಕ್ಕೆ ಕೂತವರು ಇದ್ದೇ ಇರುತ್ತಾರೆ. ಅವರು ಏನನ್ನು ಕೂಡಿಸಿದರು, ಎಲ್ಲಿ ಹಣೆ ಹಣೆ ಬಡಿದುಕೊಂಡರು, ನನಗೂ ಬರೆದು ತಿಳಿಸಿ. ನಿಧಾನಕ್ಕೆ ಆದರೂ ಎಲ್ಲವನ್ನೂ ಓದುತ್ತೇನೆ. ಯಾರಿಗಾದರೂ ಬೆರಳು ಕಚ್ಚಿಸಿಕೊಂಡ ಅನುಭವ ಇದ್ದರೆ ಅದನ್ನು ಮೊದಲು ಬರೆಯಿರಿ.